ಗಾಳವಿಲ್ಲದ ದಾರ

ಕಾಕಾ ನನಗೆ ಮೀನು ಹಿಡಿಯಲು ಕಲಿಸಿದ್ದು ಗಾಳವಿಲ್ಲದೆ. ಹೇಳಿದರೆ ಜನ ಇವತ್ತಿಗೂ ನಗುತ್ತಾರೆ, ನಗಲಿ. ಗೋಣಿಚೀಲ ಹೊಲಿಯುವ ದಾರದ ಒಂದು ತುದಿಗೆ ಒಣಗಿದ ಜೋಳದ ಕಟಕರೊಟ್ಟಿಯ ಚೂರು, ಇನ್ನೊಂದು ತುದಿ ನನ್ನ ತೋರುಬೆರಳಿಗೆ. ಅಷ್ಟೇ ಸಾಮಾನು.

ಕಾಕಾ ನಮ್ಮಪ್ಪನ ಕೊನೆಯ ತಮ್ಮ, ಹುಬ್ಬಳ್ಳಿಯಲ್ಲಿ ಹತ್ತಿಯ ವ್ಯಾಪಾರಿ. ನಮ್ಮ ಮನೆಯಲ್ಲಿ ಮೀನಿನ ವಾಸನೆ ಸುಳಿದರೂ ಅಜ್ಜಿ ಅಂಗಳ ತೊಳೆಸುತ್ತಿದ್ದಳು. ಆದರೆ ಈ ಮನುಷ್ಯನಿಗೆ ನೀರು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

"ಕೊಳ್ಳಾಗ ಲಿಂಗ ಐತಿ, ಕೈಯಾಗ ಗಾಳ ಹಿಡಿಯಾಕ ಬರೂದಿಲ್ಲ. ರೊಟ್ಟಿ ಹಾಕಾಕ ಯಾರ ಬ್ಯಾಡ ಅಂತಾರ?" ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಲಕಮನಹಳ್ಳಿಯಾಚೆಯ ಕೆರೆಗೆ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದರು. ಗಾಳ ಹಾಕಿ ಕೂತವರು ಕೇಳುವುದಿತ್ತು, "ಏನ್ ಸಾವಕಾರ್ರ, ಎಷ್ಟ ಸಿಕ್ಕೂ?" ಕಾಕಾ ಗಂಭೀರವಾಗಿ, "ಎಲ್ಲಾ ಸಿಕ್ಕೂರಿ, ಎಲ್ಲಾ ಬಿಟ್ಟೆ" ಎನ್ನುತ್ತಿದ್ದರು. ಮೊದಲ ಸಲ ದಾರ ಜಗ್ಗಿದಾಗ ನಾನು ಕಿರುಚಿದ್ದೆ. ಕಾಣದ ಜೀವವೊಂದು ನನ್ನ ಬೆರಳನ್ನೇ ಕರೆದಂತಿತ್ತು. ಆಮೇಲೆ ಸಾಲಿಯಲ್ಲಿ ಪಾಠಕ್ಕೆ ಕೂತಾಗಲೂ ಬೆರಳು ಆ ಎಳೆತವನ್ನೇ ಕಾಯುತ್ತಿತ್ತು.

ಹೋದ ವರ್ಷ ಕಾಕಾಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕೋಲು ಹಿಡಿದು ನಡಿಗೆಯೂ ಮರಳಿತು. ಬಲಗೈಗೆ ಮಾತ್ರ ಏನು ತಾಗಿದರೂ ತಿಳಿಯದು. ಒಂದು ದಿನ ಅದರ ಮೇಲೆ ಕುದಿಯುವ ಚಹಾ ಚೆಲ್ಲಿ ಬೊಬ್ಬೆ ಎದ್ದರೂ ಅವರು ಪೇಪರ್ ಓದುತ್ತಲೇ ಇದ್ದರು. ಎಲ್ಲದಕ್ಕೂ ಚೇಷ್ಟೆ ಮಾಡುವವರು ಅವತ್ತು ಕೈ ನೋಡಿಕೊಂಡು, "ಇದು ನಂದಲ್ಲ ಬಿಡು" ಅಂದರು.

ಅಂಥವರು ಮೊನ್ನೆ ಒಮ್ಮೆಲೇ, "ಯವ್ವಾ, ಕೆರೀಗೆ ಹೋಗೂಣು ನಡಿ. ರೊಟ್ಟಿ ತಗೋ" ಅಂದರು. ಯಾಕೆಂದು ನನಗೆ ಗೊತ್ತಾಯಿತು, ಹೆದರಿಕೆಯೂ ಆಯಿತು. ಅಲ್ಲಿಯೂ ಕೈಗೆ ಏನೂ ತಿಳಿಯದಿದ್ದರೆ ಇವರು ಮತ್ತೆ ಏಳುವುದಿಲ್ಲ ಅನಿಸಿತು. ಆದರೂ ದೇಶಪಾಂಡೆ ನಗರದ ಮನೆಯಿಂದ ಕಾರು ತೆಗೆದೆ.

ಕೆರೆಗೆ ಈಗ ಬೇಲಿ, ವಾಕಿಂಗ್ ದಾರಿ, ಮೀನು ಹಿಡಿಯಬಾರದೆಂಬ ಬೋರ್ಡು. ದಾರ ಕಂಡದ್ದೇ ಕಾವಲುಗಾರ ಓಡಿ ಬಂದ. "ಯಜಮಾನ್ರ, ಇಲ್ಲಿ ಮೀನ ಹಿಡಿಯಂಗಿಲ್ರಿ."

"ಗಾಳ ಎಲ್ಲೈತಿ ತೋರಸ್ರಿ," ಅಂದರು ಕಾಕಾ.

ಅವನು ದಾರವನ್ನು ಎರಡೂ ತುದಿಯಿಂದ ನೋಡಿದ. "ಮತ್ತೇನ ಮಾಡಾಕ ಬಂದೀರಿ?"

"ಮಾತಾಡ್ಸಿ ಹೋಗಾಕ."

ಅವನು ತಲೆ ಕೆರೆದುಕೊಂಡು ಹೋದ.

ನಮ್ಮ ಹಾಸುಗಲ್ಲು ಇದ್ದಲ್ಲೇ ಇತ್ತು. ಒಂದಿಷ್ಟು ರೊಟ್ಟಿ ಪುಡಿ ಎಸೆದೆ. ಕೆಳಗಿನ ಕತ್ತಲೆ ಅಲುಗಾಡಿತು. ಚಿಕ್ಕಂದಿನಲ್ಲಿ ಅಂಗೈಯಷ್ಟು ಮೀನು ಕಂಡರೆ ಕುಣಿಯುತ್ತಿದ್ದೆವು. ಈಗ ನನ್ನ ತೋಳಿನುದ್ದದ ಕಪ್ಪು ಬೆನ್ನುಗಳು, ಒಂದರ ಹಿಂದೊಂದು, ಸದ್ದಿಲ್ಲದೆ ಮೇಲೆದ್ದು ತಿರುಗಿ ಮುಳುಗುತ್ತಿದ್ದವು. ಮೈ ಜುಮ್ಮೆಂದಿತು. ಊರು ಇಷ್ಟು ಬೆಳೆದು ಮೈಮೇಲೆ ಬಂದರೂ, ಆ ನೀರಿನಡಿ ಇಂಥ ಜೀವಗಳು ತಮ್ಮ ಪಾಡಿಗೆ ತಾವು ದೊಡ್ಡವಾಗುತ್ತಿದ್ದವಲ್ಲ!

"ಕಾಕಾ, ಎಡಗೈ ಕೊಡ್ರಿ, ಕಟ್ತೇನಿ."

ಅವರು ಬಲಗೈ ಮುಂದೆ ಮಾಡಿ ಕಣ್ಣು ಮುಚ್ಚಿದರು. ಅದರ ತೋರುಬೆರಳಿಗೇ ದಾರ ಕಟ್ಟಿ, ರೊಟ್ಟಿಯ ತುದಿಯನ್ನು ನೀರಿಗೆ ಬಿಟ್ಟೆ.

ದಾರ ಒಮ್ಮೆ ಬಿಗಿಯಿತು, ಸಡಿಲಾಯಿತು. ಕಾಕಾ ಕದಲಲಿಲ್ಲ. ಇನ್ನೊಮ್ಮೆ ಬಿಗಿಯಿತು. ಆಗಲೂ ಇಲ್ಲ. ಅಷ್ಟರಲ್ಲಿ ದೊಡ್ಡದೊಂದು ಬೆನ್ನು ಓರೆಯಾಗಿ ಬಂತು. ದಾರ ನೆಟ್ಟಗೆ ನಿಂತಿತು, ಮೊಳಕಾಲ ಮೇಲಿದ್ದ ಕೈ ನೀರಿನ ಕಡೆ ಜಾರಿತು. ಹಿಡಿಯಲು ಹೋದೆ.

"ತಡಿ," ಅಂದರು ಕಾಕಾ. "ಜಗ್ಗಾಕತ್ತೈತಿ."

ಬೆರಳಿಗೆ ತಿಳಿಯಿತೋ, ರಟ್ಟೆಗೆ ತಿಳಿಯಿತೋ, ನನಗೆ ಗೊತ್ತಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ರೊಟ್ಟಿ ಹರಿದು ಮೀನು ತಳಕ್ಕಿಳಿಯಿತು. ಮೀನು ಹೋಯಿತೆಂದು ನಾನಿನ್ನೂ ಹೇಳಿರಲಿಲ್ಲ.

"ಹೋತು," ಅಂದರು.

ನಾನು ಗಂಟು ಬಿಚ್ಚಲು ಬಾಗಿದೆ. ಕಾಕಾ ಕೈಯನ್ನು ಎದೆಗೆ ಎಳೆದುಕೊಂಡರು.

"ಇದು ನನ್ನ ಕೈ, ಬಿಚ್ಚಬ್ಯಾಡ. ಆ ತುದಿಗೆ ಇನ್ನೊಂದು ಚೂರು ರೊಟ್ಟಿ ಕಟ್ಟು."