ಹಸಿರು ಮುಚ್ಚಳದ ಟ್ಯೂಬು

ನಮ್ಮ ಲ್ಯಾಬಿನಲ್ಲಿ ಆಕೆಯನ್ನು ಎಲ್ಲರೂ ಎಂಜಲಕ್ಕ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಪಕ್ಕದ ಮೇಜಿನವಳಾದ ನಾನೇ. ದಂತ ಆಸ್ಪತ್ರೆಗೆ ಬಂದವರ ಜೊಲ್ಲನ್ನು ಟ್ಯೂಬಿನಲ್ಲಿ ಹಿಡಿದು, ಐಸಿನ ಮೇಲಿಟ್ಟು, ಯಂತ್ರದಲ್ಲಿ ಗರಗರ ತಿರುಗಿಸಿ ತಿಳಿಯನ್ನು ಬೇರೆ ಮಾಡುವುದು ಆಕೆಯ ಕೆಲಸ. ಬಾಯಿಯ ಕ್ಯಾನ್ಸರ್, ನೋವು ಗಂಟು ಏನೂ ತೋರಿಸದೆ ಮೊಳೆಯುವಾಗಲೇ ಜೊಲ್ಲಿನಲ್ಲಿ ಒಂದು ಪ್ರೋಟೀನು ಏರುತ್ತದೆ ಎಂಬುದು ನಮ್ಮ ಡಾಕ್ಟರಮ್ಮನ ನಂಬಿಕೆ. ನಾವು ಅದನ್ನೇ ಪರೀಕ್ಷಿಸುತ್ತಿದ್ದೆವು.

ಏರಿದೆ ಎನ್ನಬೇಕಾದರೆ ಹೋಲಿಸಲು ಆರೋಗ್ಯವಂತರ ಜೊಲ್ಲೂ ಬೇಕಲ್ಲ. ರೋಗಿಗಳದ್ದಕ್ಕೆ ಕೆಂಪು ಮುಚ್ಚಳ, ಆರೋಗ್ಯವಂತರದ್ದಕ್ಕೆ ಹಸಿರು. ಹಸಿರಿಗೆ ಜನ ಸಿಗುತ್ತಿರಲಿಲ್ಲ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಉಗುಳಿ ಹೋಗಲು ಯಾರಿಗೆ ಪುರುಸೊತ್ತು? ಎಂಜಲಕ್ಕ ತನ್ನ ಅಣ್ಣನನ್ನೇ ಕರೆತಂದಳು. ಕಾರು ಓಡಿಸಲು ಕಲಿಸುವವನು, ಮಾತಿನ ಮಲ್ಲ, ತಂಬಾಕು ಬಿಟ್ಟು ವರ್ಷಗಳಾಗಿದ್ದವು. ಮೊದಲ ದಿನ ಡಾಕ್ಟರಮ್ಮ ಅವನ ಬಾಯಿ ನೋಡಿ ಸರಿಯಿದೆ ಎಂದರು. ಆಮೇಲೆ ಪ್ರತಿ ಬ್ಯಾಚಿಗೂ ಅವನದೇ ಜೊಲ್ಲು. ಪ್ರತಿಸಲವೂ ಬಾಯಿ ನೋಡಬೇಕೆಂಬುದು ನಿಯಮ. ಮನೆಯವನ ಬಾಯಿಗೆ ದಿನಾ ಟಾರ್ಚು ಬಿಡುವುದೇಕೆ ಎಂದು ಎಂಜಲಕ್ಕ ಬಿಟ್ಟಳು, ನಾವೂ ಹೂಂಗುಟ್ಟಿದೆವು.

"ನೋಡು, ನನ್ನ ಎಂಜಲಿಗೂ ಬೆಲೆ ಬಂತು," ಎನ್ನುತ್ತಿದ್ದ ಅವನು. "ಊರವರ ಬಾಯಿಗೆಲ್ಲ ನನ್ನ ಬಾಯೇ ಅಳತೆ."

"ಸುಮ್ನೆ ಉಗುಳಣ್ಣ, ಮಾತಾಡಿದ್ರೆ ಬಾಯಿ ಒಣಗತ್ತೆ," ಎಂದು ತಂಗಿ ಗದರುತ್ತಿದ್ದಳು.

ಎರಡನೆಯ ವರ್ಷ ಫಲಿತಾಂಶ ಕೆಡತೊಡಗಿತು. ಕೆಂಪಿಗೂ ಹಸಿರಿಗೂ ಇದ್ದ ಅಂತರ ಕುಗ್ಗುತ್ತ ಬಂದು ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಾಯಿತು. ನಾವು ರಾಸಾಯನಿಕ ಬದಲಿಸಿದೆವು, ಯಂತ್ರ ತೊಳೆದೆವು, ಒಬ್ಬರ ಮೇಲೊಬ್ಬರು ಸಿಡುಕಿದೆವು. ಈ ಪ್ರೋಟೀನನ್ನು ಕೈಬಿಡೋಣ ಎಂದರು ಡಾಕ್ಟರಮ್ಮ. ಹಳೆಯ ಅಂಕಿಗಳನ್ನೂ ಹೊಸವನ್ನೂ ಕೊನೆಯ ಸಲ ಪಕ್ಕಪಕ್ಕ ಇಟ್ಟು ನೋಡುತ್ತಿದ್ದವರು ಹಾಗೇ ನಿಂತರು.

"ಕೆಂಪು ಇಳಿದಿಲ್ಲ ಕಣ್ರೀ. ಹಸಿರು ಏರಿದೆ. ಇದು ಯಾರದ್ದು?"

ಎಂಜಲಕ್ಕ ಕೈಗವಸು ಕಳಚಿದಳು. "ನಮ್ಮಣ್ಣಂದು ಮೇಡಂ."

ದೀಪದ ಬುಡದಲ್ಲೇ ಕತ್ತಲೆ. ಅಣ್ಣನನ್ನು ಕರೆಸಿ ನೋಡಿದರೆ ನಾಲಿಗೆಯ ಅಡಿಯಲ್ಲಿ ಸಣ್ಣ ಬಿಳಿ ಕಲೆಯೊಂದಿತ್ತು, ಅವನಿಗೇ ಗೊತ್ತಿರಲಿಲ್ಲ. ಚೂರು ತೆಗೆದು ನೋಡಿದಾಗ ಕ್ಯಾನ್ಸರ್, ಮೊದಲ ಹಂತ. ನಾಲಿಗೆಯ ಒಂದು ಪಕ್ಕವನ್ನು ಕತ್ತರಿಸಿದರು, ಜೀವ ಉಳಿಯಿತು. ಪ್ರೋಟೀನನ್ನು ಯಾರೂ ಕೈಬಿಡಲಿಲ್ಲ, ಆದರೆ ಲ್ಯಾಬಿನಲ್ಲಿ ಒಬ್ಬರಿಗೂ ಖುಷಿಪಡುವ ಮನಸ್ಸಿರಲಿಲ್ಲ.

"ತಿಂಗಳುಗಟ್ಟಲೆ ನನ್ನ ಕೈಯಲ್ಲೇ ಹಿಡ್ಕೊಂಡಿದ್ನಲ್ಲೇ," ಎಂದು ಎಂಜಲಕ್ಕ ನನ್ನೆದುರು ಅತ್ತಳು. ಅಂದಿನಿಂದ ಆ ಅಡ್ಡಹೆಸರು ನನ್ನ ಬಾಯಿಂದ ಹೊರಡಲಿಲ್ಲ.

ಗಾಯ ಮಾಗಿದ ಮೇಲೆ ಅಣ್ಣ ಮತ್ತೆ ಬಂದ, ಬರಿಹೊಟ್ಟೆಯಲ್ಲಿ. ಮಾತು ತೊದಲುತ್ತಿತ್ತು. ಎಂದಿನ ಕುರ್ಚಿಯಲ್ಲಿ ಕುಳಿತು ಹಸಿರು ಮುಚ್ಚಳದ ಟ್ಯೂಬಿಗೆ ಕೈ ಚಾಚಿದ. ತಂಗಿ ಅದನ್ನು ಮೆಲ್ಲಗೆ ಸರಿಸಿ ಕೆಂಪು ಮುಚ್ಚಳದ್ದನ್ನು ಅವನ ಅಂಗೈಯಲ್ಲಿಟ್ಟಳು. ಅವನು ಮುಚ್ಚಳವನ್ನೇ ನೋಡುತ್ತ ಕುಳಿತ.

"ಮೊದ್ಲು ಬಾಯಿ ತೆಗಿ ಅಣ್ಣ," ಎಂದು ಆಕೆ ಟಾರ್ಚು ಹೊತ್ತಿಸಿದಳು.