ಧರ್ಮದ ಸೇರು

ನನ್ನ ಮಾವನವರು ತೀರಿಕೊಂಡ ದಿನ ಬಂಗಾರಪೇಟೆಯ ಬಜಾರು ಅರ್ಧ ದಿನ ಬಾಗಿಲು ಹಾಕಿತ್ತು. ಹೆಣದ ಮುಂದೆ ನಿಂತು ಮಾತಾಡಿದವರೆಲ್ಲ ಅವರನ್ನು ದಾನಶೂರ ಕರ್ಣ ಎಂದರು. ಒಳಗೆ ಹೆಂಗಸರ ನಡುವೆ ಕೂತು ನಾನೂ ಅಳುತ್ತಿದ್ದೆ. ಆ ಅಳು ಸುಳ್ಳಲ್ಲ, ಅವರು ನನ್ನನ್ನು ಮಗಳ ಹಾಗೆ ನೋಡಿಕೊಂಡವರು. ಆದರೆ ಕರ್ಣ ಎಂಬ ಹೆಸರು ಕಿವಿಗೆ ಬಿದ್ದಾಗ ಮಾತ್ರ ಮೈ ಉರಿಯಿತು. ಕರ್ಣ ಕಿತ್ತು ಕೊಟ್ಟದ್ದು ತನ್ನ ಕಿವಿಯ ಓಲೆಯನ್ನು, ಪಕ್ಕದ ಮನೆಯವರದ್ದನ್ನಲ್ಲ.

ನಮ್ಮದು ಸ್ಟೇಷನ್ ರಸ್ತೆಯಲ್ಲಿ ರಾಗಿ ಮಂಡಿ. ಕಾಮಸಮುದ್ರ, ಬೇತಮಂಗಲದ ಕಡೆಯ ಹಳ್ಳಿಗಳಿಂದ ಗಾಡಿಗಳ ಮೇಲೆ ರಾಗಿ ಬರುತ್ತಿತ್ತು. ಇಲ್ಲಿಂದ ಮೂಟೆಗಳು ರೈಲು ಹತ್ತಿ ಚಿನ್ನದ ಗಣಿಯ ಕೂಲಿಯವರ ಲೈನುಮನೆಗಳಿಗೆ ಹೋಗುತ್ತಿದ್ದವು. ಆ ಕಡೆಯ ವ್ಯಾಪಾರ ನನ್ನ ಗಂಡನದು, ಬೆಳಗಿನ ರೈಲಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆಗಲೇ ಕಿಲೋ ತೂಕ ಬಂದಿತ್ತಾದರೂ ಒಂದು ಹಳೆಯ ಪದ್ಧತಿ ಮಾತ್ರ ಹೋಗಿರಲಿಲ್ಲ. ರೈತನ ಮೂಟೆ ತಕ್ಕಡಿಗೆ ಏರುವ ಮೊದಲು ಬಾಯಿ ಬಿಚ್ಚಿ, ಅದರಿಂದ ಒಂದು ಸೇರು ರಾಗಿ ಎತ್ತಿ, "ಧರ್ಮ!" ಎಂದು ಕೂಗಿ ಪಕ್ಕದಲ್ಲಿದ್ದ ಆಳೆತ್ತರದ ಮಣ್ಣಿನ ಗುಡಾಣಕ್ಕೆ ಸುರಿಯುತ್ತಿದ್ದರು. ಆಮೇಲೆ ಮೂಟೆಗಳ ಎಣಿಕೆ. ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, "ಲಾಭ" ಎನ್ನಬೇಕು. ಧರ್ಮ ಆಯಿತು, ಲಾಭ ಆಯಿತು, ಆಮೇಲೆ ಎರಡು, ಮೂರು.

ನಾನು ಹುಟ್ಟಿದ್ದು ಬೇತಮಂಗಲದ ಹತ್ತಿರದ ಹಳ್ಳಿಯಲ್ಲಿ, ಬೇಸಾಯದವರ ಮನೆಯಲ್ಲಿ. ಚಿಕ್ಕವಳಿದ್ದಾಗ ಅಪ್ಪನ ಗಾಡಿಯಲ್ಲಿ ಇದೇ ಬಜಾರಿಗೆ ಬಂದಿದ್ದೇನೆ. ಧರ್ಮದ ಸೇರು ಎತ್ತುವಾಗ ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಕೈಮುಗಿಯುತ್ತಿದ್ದ. ಯಾಕಪ್ಪ ಎಂದು ಒಮ್ಮೆ ಕೇಳಿದ್ದಕ್ಕೆ, ಅದು ದೇವರ ದೀಪಕ್ಕೆ ಓಗ್ತದೆ ಕಣ್ಲೇ, ಎಂದಿದ್ದ. ಆ ಗುಡಾಣವಿದ್ದ ಮನೆಗೇ ನಾನು ಸೊಸೆಯಾಗಿ ಬಂದದ್ದು ಅಪ್ಪನಿಗೆ ಹೇಳಿಕೊಳ್ಳಲಾಗದಷ್ಟು ಹೆಮ್ಮೆಯ ಸಂಗತಿ.

ಗುಡಾಣದ ರಾಗಿ ಅಂಬಲಿಯಾಗುತ್ತಿತ್ತು. ಯುಗಾದಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ, ಮಂಡಿಯ ಹಿಂದಿನ ಅಂಗಳದಲ್ಲಿ ಒಲೆ ಹೂಡಿ ಹಂಡೆ ಏರಿಸಿ, ಮಧ್ಯಾಹ್ನದ ಹೊತ್ತು ಬಂದವರಿಗೆಲ್ಲ ಹೊಯ್ಯುತ್ತಿದ್ದರು. ನಾನು ಹೇಳುತ್ತಿರುವುದು ಅರವತ್ತರ ದಶಕದ ನಡುವಿನ ಮಾತು. ರೇಷನ್ ಕಾರ್ಡಿಗೆ ಅಮೆರಿಕದ ಕೆಂಪು ಜೋಳ ಕೊಡುತ್ತಿದ್ದ ಕಾಲ, ಆ ಜೋಳಕ್ಕೂ ಗಂಟೆಗಟ್ಟಲೆ ನಿಲ್ಲಬೇಕು. ಅಂಗಳದಲ್ಲಿ ಜನ ಗೋಡೆಯುದ್ದಕ್ಕೂ ತಪ್ಪಲೆ ಹಿಡಿದು ಕೂರುತ್ತಿದ್ದರು. ರಾಮನವಮಿಯ ಹರಿಕಥೆಯಲ್ಲಿ ದಾಸರು ನಮ್ಮ ಮಾವನವರ ಕಡೆ ಕೈ ತೋರಿಸಿ, ಲಕ್ಷ್ಮಿ ಇಂಥವರ ಮನೆಯಲ್ಲಿ ಕಾಲು ಮುರಿದುಕೊಂಡು ಬಿದ್ದಿರುತ್ತಾಳೆ ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಸೆರಗು ಸರಿಮಾಡಿಕೊಂಡೆ.

ಮದುವೆಯಾಗಿ ಮೂರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ಅತ್ತೆಯವರು ದೇವರಿಗೆ ಹರಕೆ ಹೊತ್ತರು. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಸೊಸೆ ತನ್ನ ಕೈಯಾರೆ ಅಂಬಲಿ ಬಡಿಸಬೇಕು. ಈಸಿಕೊಂಡವರು ಒಬ್ಬೊಬ್ಬರೂ "ನಿಮ್ಮ ಮಡಿಲು ತುಂಬಲಿ" ಎಂದು ಬಾಯಿಬಿಟ್ಟು ಹರಸಬೇಕು. ಒಬ್ಬರು ತಪ್ಪಿಸಿದರೂ ಆ ದಿನ ಲೆಕ್ಕಕ್ಕಿಲ್ಲ. ಈಗ ನಗು ಬರುತ್ತದೆ. ಆಗ ಸೌಟನ್ನು ಕಣ್ಣಿಗೊತ್ತಿಕೊಂಡೇ ಹಂಡೆಗೆ ಇಳಿಸುವಷ್ಟು ಭಕ್ತಿ ನನಗಿತ್ತು. ಜನರೂ ಧಾರಾಳವಾಗಿ ಹರಸುತ್ತಿದ್ದರು. ಕೆಲವರು ತಮಿಳಿನಲ್ಲಿ, ಕೆಲವರು ತೆಲುಗಿನಲ್ಲಿ ಹೇಳುವರು. ಅವಳಿ ಜವಳಿ ಆಗ್ಲಿ ತಾಯಿ, ಎಂದು ಒಬ್ಬ ಮುದುಕ ದಿನವೂ ತಮಾಷೆ ಮಾಡುತ್ತಿದ್ದ.

ಒಬ್ಬ ಹೆಂಗಸು ಮಾತ್ರ ಹರಸುತ್ತಿರಲಿಲ್ಲ. ಊರಾಚೆಯ ಒಂದು ಹಳ್ಳಿಯಿಂದ ನಡೆದು ಬರುತ್ತಿದ್ದಳು. ಜೊತೆಗೆ ಹತ್ತು ಹನ್ನೊಂದರ ಮಗಳು, ಕೈಯಲ್ಲಿ ಸಿಲ್ವಾರದ ತಪ್ಪಲೆ. ಗಂಡ ಗಣಿ ಕೆಲಸ ಬಿಟ್ಟು ಬಂದು ಕೆಮ್ಮುತ್ತ ಮಲಗಿದ್ದಾನೆ, ಅವನ ಔಷಧಿಗೆಂದು ಸುಗ್ಗಿಯಲ್ಲೇ ಬೆಳೆದದ್ದೆಲ್ಲ ಮಾರಿಬಿಟ್ಟೆವು ಎಂದು ಮೊದಲ ದಿನವೇ ತಿಳಿಸಿದ್ದಳು. ಗಣಿಯ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ ಯಾರದೋ ಮನೆಗೆಲಸಕ್ಕೆ ಮಗಳನ್ನು ಕೇಳುತ್ತಿದ್ದರಂತೆ. "ಇದೊಂದೊತ್ತು ಗಿಟ್ಟಿದ್ರೆ ಉಡುಗೀನ ಎಲ್ಲೂ ಕಳಿಸ್ದೆ ಇಟ್ಕೊಂತೀನಿ ತಾಯಿ. ನಾಕನೇ ಕ್ಲಾಸು ಓದ್ತಾವ್ಳೆ," ಎಂದಿದ್ದಳು. ಆ ಹುಡುಗಿ ನನ್ನ ಬಳೆಗಳನ್ನೇ ನೋಡುತ್ತಿದ್ದಳು.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಅವಳು ಹರಸದಿರುವುದನ್ನು ಅತ್ತೆಯವರು ಗಮನಿಸಿದರು. "ಆ ಹೆಂಗಸಿನ ಬಾಯಿಂದ ಮಾತೇ ಬರ್ತಾ ಇಲ್ವಲ್ಲೇ. ನಿನ್ನ ದಿನಗಳೆಲ್ಲ ನೀರಲ್ಲಿ ಹೋಮ ಆದ ಹಾಗೆ!" ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟು. ಮಾರನೆಯ ದಿನ ಅವಳ ತಪ್ಪಲೆಯ ಮೇಲೆ ಸೌಟು ಎತ್ತಿ ಹಿಡಿದು ನಿಂತೆ. ಈ ಮನೆಗೆ ಬಂದಮೇಲೆ ಅತ್ತೆಯವರು ತಿದ್ದಿ ತಿದ್ದಿ ಕಲಿಸಿದ ಮಾತೆಲ್ಲ ಮರೆತು ನನ್ನ ಹಳ್ಳಿಯ ಮಾತೇ ಹೊರಬಂತು.

"ಏನಮ್ಮ, ದಿನಾ ಬತ್ತೀಯ, ದಿನಾ ಈಸ್ಕೊಂಡು ಓಗ್ತೀಯ. ಒಂದು ಒಳ್ಳೆ ಮಾತಾಡಾಕೆ ಬಾಯಿ ನೋಯ್ತದಾ? ಮಡಿಲು ತುಂಬ್ಲಿ ಅನ್ನು, ಆಕ್ತೀನಿ."

"ಆಕ್ಬಿಡಿ ತಾಯಿ, ಉಡುಗಿ ಅಸ್ಕೊಂಡದೆ."

"ಮೊದ್ಲು ಆ ಮಾತು ಏಳು."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಕೂಗಾಡಲಿಲ್ಲ, ನೆರೆಯವಳ ಹತ್ತಿರ ಮಾತಾಡುವ ಹಾಗೆ ಹೇಳಿದಳು. "ಸಂಕ್ರಾಂತಿ ಮುಂದೆ ಈ ಮಂಡೀಗೇ ಆರು ಮೂಟೆ ತಂದಾಕಿದ್ವಿ. ಧರ್ಮ ಧರ್ಮ ಅಂತ ಆರು ಸೇರು ತೆಕ್ಕೊಂಡ್ರಿ. ಈ ಅಂಡೇಲಿ ಬೇಯ್ತಿರೋದು ಅದೇ ಅಲ್ವಾ ತಾಯಿ? ನಮ್ಮ ರಾಗೀನೇ ನಮ್ಗೆ ಉಯ್ದು, ಮ್ಯಾಲೆ ನಮ್ಮ ಕೈಲೇ ಅರಸಿಸ್ಕೊಂತೀರಾ?"

ಸಾಲಿನಲ್ಲಿದ್ದ ಆ ತಮಾಷೆಯ ಮುದುಕ ಕಿಸಕ್ಕನೆ ನಕ್ಕು, "ಯಾರ್ದೋ ದುಡ್ಡು ಎಲ್ಲಮ್ಮನ ಜಾತ್ರೆ!" ಎಂದ.

ಅವಳು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಸೇರು ಎತ್ತುವುದನ್ನು ದಿನವೂ ನೋಡಿದ್ದೆ, ಗುಡಾಣ ನೋಡಿದ್ದೆ, ಆ ರಾಗಿಯನ್ನು ಬೀಸಿಸಿದವಳೂ ನಾನೇ. ಎಲ್ಲವನ್ನೂ ಕಂಡಿದ್ದರೂ ಹಂಡೆಯಲ್ಲಿರುವುದು ಮಾವನವರ ದಾನ ಎಂದೇ ನಂಬಿದ್ದೆನಲ್ಲ! ಅದರಲ್ಲಿ ನನ್ನ ಅಪ್ಪನ ಸೇರೂ ಇತ್ತು.

ಮಾವನವರು ಗಾದಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ಹಾಕಮ್ಮ, ಹಾಕು," ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ನಾನು ಹೊಯ್ದೆ. ಅವಳು ತಪ್ಪಲೆ ಎತ್ತಿಕೊಂಡು ಹೋದಳು.

ಊಟಕ್ಕೆ ಬಡಿಸುವಾಗ ನನಗೆ ತಡೆಯಲಾಗಲಿಲ್ಲ. "ಮಾವ, ಆ ರಾಗಿ ಯಾರದು?" ಎಂದೆ. ಸೊಸೆಯಂದಿರು ಮಾವನ ಎದುರು ಹಾಗೆ ನಿಂತು ಕೇಳುವ ಕಾಲವಲ್ಲ ಅದು. ಅತ್ತೆಯವರ ಕೈಯಲ್ಲಿದ್ದ ತುಪ್ಪದ ಗಿಂಡಿ ಹಾಗೇ ನಿಂತಿತು.

ಮಾವನವರು ಸಿಟ್ಟಾಗಲಿಲ್ಲ. "ದೇವರದು," ಎಂದರು. "ರೈತ ಧರ್ಮ ಅಂತ ಕೊಟ್ಟಮೇಲೆ ಅದು ಅವನದಲ್ಲ. ಅದರಲ್ಲಿ ಒಂದು ಕಾಳೂ ನಾನು ತಿಂದಿಲ್ಲ, ಹಾಗಾಗಿ ನನ್ನದೂ ಅಲ್ಲ."

"ಹಾಗಾದ್ರೆ ಪುಣ್ಯ ಯಾರದು?"

"ಕೂಡಿಟ್ಟು ಹಂಚಿದವನದು. ಇನ್ಯಾರದು? ಅವರ ಕೈಯಲ್ಲೇ ಇದ್ದಿದ್ರೆ ತಿಂದು ಮುಗಿಸಿರೋರು. ನೋಡಮ್ಮ, ದೇವರು ನಮ್ಮನ್ನ ಹಂಡೆಯ ಈ ಕಡೆ ನಿಲ್ಲಿಸಿದಾನೆ, ಅವರನ್ನ ಆ ಕಡೆ ಕೂರಿಸಿದಾನೆ. ಅದು ಹೋದ ಜನ್ಮದ್ದು. ಅವರೇ ಇಲ್ಲದಿದ್ರೆ ನಾವು ಕೊಡೋದು ಯಾರಿಗೆ? ನಮಗೂ ಗತಿ ಆಗಬೇಕಲ್ಲ."

ಅನ್ನ ಕಲೆಸುತ್ತಲೇ ಇದನ್ನೆಲ್ಲ ಹೇಳಿದರು. ಅವರು ಸುಳ್ಳು ಹೇಳಿದ್ದರೆ, ತಡವರಿಸಿದ್ದರೆ, ನನ್ನ ಮೇಲೆ ರೇಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಬೆಳಗ್ಗೆ ಪೂಜೆಗೆ ಕೂತಾಗ ಇರುತ್ತಿದ್ದ ಅದೇ ಮುಖ.

ಕೈ ತೊಳೆಯುವಾಗ ಇನ್ನೊಂದು ಮಾತು ಹೇಳಿದರು. ನಾಳೆಯಿಂದ ಒಲೆ ಹಚ್ಚುವುದು ಬೇಡ. ಈಸಿಕೊಂಡವರು ಆಡಿಕೊಂಡ ದಾನ ಫಲಿಸುವುದಿಲ್ಲ. ಆಡಿದವಳೇ ಬಂದು ತಪ್ಪಾಯಿತು ಎನ್ನುವವರೆಗೆ ಅಂಬಲಿ ಇಲ್ಲ.

"ಇನ್ನು ನಾನು ಕೇಳೋದಿಲ್ಲ ಮಾವ, ಯಾರೂ ಹರಸೋದು ಬೇಡ, ನಿಲ್ಲಿಸಬೇಡಿ," ಎಂದು ಅಂಗಲಾಚಿದೆ.

"ನೀನು ಕೇಳಿದ್ದು ತಪ್ಪಲ್ಲಮ್ಮ. ಅವಳು ಅಂದದ್ದು ತಪ್ಪು."

ಎಂಟು ದಿನ ಒಲೆ ತಣ್ಣಗಿತ್ತು. ಮೊದಲ ದಿನ ಜನ ಬಂದು ಕೂತರು, ಬಿಸಿಲು ಇಳಿಯುವವರೆಗೆ ಕಾದು ಎದ್ದು ಹೋದರು. ಎರಡನೆಯ ದಿನವೂ ಬಂದರು. ಗುಡಾಣ ತುಂಬಿತ್ತು, ದಿನಕ್ಕೆ ಹತ್ತು ಸಲ ಅದರ ಪಕ್ಕ ಓಡಾಡುತ್ತಿದ್ದೆ. ಮಡಿಲಲ್ಲಿ ನಾಲ್ಕು ಸೇರು ಕಟ್ಟಿಕೊಂಡು ಹಿತ್ತಿಲ ಬಾಗಿಲಿಂದ ಹೋಗಿ ಕೊಟ್ಟು ಬಂದಿದ್ದರೆ ನನ್ನ ಕತ್ತು ಯಾರೂ ಕೊಯ್ಯುತ್ತಿರಲಿಲ್ಲ. ಹೋಗಲಿಲ್ಲ. ಹೆದರಿದ್ದೆ, ಅಷ್ಟೇ. ಇದಕ್ಕೆ ಬೇರೆ ಹೆಸರು ಕೊಟ್ಟು ಚೆಂದ ಮಾಡುವ ಆಸೆ ನನಗಿಲ್ಲ.

ನಾಲ್ಕನೆಯ ದಿನ ಅವಳು ಒಬ್ಬಳೇ ಬಂದಳು. ಅಂಗಳದಲ್ಲಿದ್ದವರು ಅವಳನ್ನು ಸುತ್ತುಗಟ್ಟಿದರು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. "ನಿನ್ ನಾಲ್ಗೆ ಸೀದೋಗ! ಬಾಯಿ ಮುಚ್ಕೊಂಡು ಈಸ್ಕೊಂಡಿದ್ರೆ ನಿನ್ ಗಂಟೇನಾದ್ರೂ ಓಗ್ತಿತ್ತಾ? ನಿನ್ನಿಂದ ನಮ್ ಮಕ್ಳು ಉಪಾಸ." ಬೈದವರು ನಮ್ಮ ಮಂಡಿಯವರಲ್ಲ, ಅವಳ ಪಕ್ಕ ಕೂತು ಅಂಬಲಿ ಈಸಿಕೊಳ್ಳುತ್ತಿದ್ದವರು. ಅವರಲ್ಲಿ ಎಷ್ಟೋ ಜನ ಇದೇ ಮಂಡಿಗೆ ರಾಗಿ ಹಾಕಿದವರು. ಯಲ್ಲಮ್ಮನ ಜಾತ್ರೆಯ ಮುದುಕನೇ ಎಲ್ಲರಿಗಿಂತ ಗಟ್ಟಿಯಾಗಿ ಕೂಗಾಡುತ್ತಿದ್ದ. ನನ್ನ ಕಣ್ಣನ್ನು ನಾನೇ ನಂಬಲಾಗದೆ ಕಿಟಕಿಯ ಸರಳು ಹಿಡಿದುಕೊಂಡೆ.

ಒಂಬತ್ತನೆಯ ದಿನ ಆ ಬೈದವರೇ ಅವಳನ್ನು ಕರೆತಂದರು. ಮಾವನವರು ಅವಳನ್ನು ತಮ್ಮ ಹತ್ತಿರ ಬರಗೊಡಲಿಲ್ಲ. "ನನಗೇನೂ ಬೇಡ, ನಮ್ಮ ಸೊಸೆಗೆ ಹೇಳು," ಎಂದರು. ಅವಳು ಬಂದು ಬಗ್ಗಿ ನನ್ನ ಕಾಲು ಮುಟ್ಟಿದಳು. ನನ್ನ ತಾಯಿಯ ವಯಸ್ಸಿನವಳು. ಹಿಂದಕ್ಕೆ ಸರಿಯಲು ಹೋದೆ, ಬೆನ್ನಿಗೆ ಅತ್ತೆಯವರಿದ್ದರು. "ತಪ್ಪಾಯ್ತು ತಾಯಿ. ನಿಮ್ಮ ಮಡಿಲು ತುಂಬ್ಲಿ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಂಗಳದಲ್ಲಿ ಜನ ಸಂತೋಷದಿಂದ ಗಲಗಲ ಎಂದರು. ಒಲೆ ಉರಿಯಿತು. ಮಾವನವರು ಅವಳಿಗೆ ಒಂದು ಸೌಟು ಹೆಚ್ಚಿಗೆ ಹಾಕಿಸಿದರು, ಅದೂ ನಿಜವಾದ ಕರುಣೆಯಿಂದಲೇ.

ಹೊಯ್ಯುವಾಗ ನೋಡಿದರೆ ಜೊತೆಯಲ್ಲಿ ಹುಡುಗಿ ಇಲ್ಲ. "ಮಗಳೆಲ್ಲಮ್ಮ?" ಎಂದು ತಗ್ಗಿದ ದನಿಯಲ್ಲಿ ಕೇಳಿದೆ.

"ಚಾಂಪಿಯನ್ ರೀಫ್ಸ್‌ಗೆ ಕಳಿಸ್ಬುಟ್ಟೆ. ಮೂರು ದಿನ ನೋಡ್ದೆ. ಆಮ್ಯಾಕೆ ಅಸಿವು ತಡೀಲಾರ್ದೆ ಅವ್ಳೇ ಓಗ್ತೀನಿ ಅಂದ್ಲು. ಅಲ್ಲಿ ಎಲ್ಡೊತ್ತು ಊಟ ಆಕ್ತಾರಂತೆ."

"ಈಗ ಅಂಬಲಿ ಶುರುವಾಯ್ತಲ್ಲ, ಕರ್ಕೊಂಡು ಬಾ."

"ಮುಂಗಡ ಈಸ್ಕೊಂಡು ಅವ್ರಪ್ಪನ ಔಷ್ದಿಗೆ ಆಕಾಯ್ತು. ಎಲ್ಡು ವರ್ಸ ಬಿಡಾಕಿಲ್ಲ." ತಪ್ಪಲೆಗೆ ಮುಚ್ಚಳ ಹಾಕುತ್ತ, ದೂರಿನ ಒಂದು ಎಳೆಯೂ ಇಲ್ಲದ ದನಿಯಲ್ಲಿ ಅವಳು ಹೇಳಿದಳು. "ನಾನು ಸುಮ್ಕೇ ಇದ್ದೆ ತಾಯಿ. ನೀವು ಕೇಳಿದ್ರಿ, ಏಳ್ದೆ. ನೀವ್ಯಾಕೆ ಕೇಳಿದ್ರಿ?"

ಹಿಂದಿದ್ದವರು ತಪ್ಪಲೆ ಮುಂದೆ ಚಾಚಿದರು, ಅವರಿಗೆ ಹೊಯ್ದೆ. ಅತ್ತೆಯವರು ಎಣಿಕೆಯನ್ನು ಮೊದಲಿನಿಂದ ಶುರು ಮಾಡಿಸಿದರು. ಮಂಡಲ ಮುಗಿಯಿತು. ಅವಳು ಕೊನೆಯ ದಿನದವರೆಗೂ ಬಂದಳು, ಒಂದು ದಿನವೂ ಹರಸುವುದನ್ನು ತಪ್ಪಿಸಲಿಲ್ಲ.

ಮರುವರ್ಷ ನನಗೆ ಮಗಳು ಹುಟ್ಟಿದಳು. ಬಡವರ ಹಾರೈಕೆ ಹುಸಿಯಾಗುವುದಿಲ್ಲ ಎಂದು ಮಾವನವರು ಬಂದವರಿಗೆಲ್ಲ ಸಕ್ಕರೆ ಹಂಚಿದರು, ಹರಿಕಥೆಯ ದಾಸರು ಆ ಸಂಗತಿಯನ್ನು ಕಥೆಯಲ್ಲಿ ಸೇರಿಸಿ ಹೇಳಿದರು. ಊರೆಲ್ಲ ತಲೆದೂಗಿತು. ತೊಡೆಯ ಮೇಲೆ ಹಾಲು ಕುಡಿದು ಮಲಗಿದ್ದ ಮಗುವನ್ನು ನೋಡುತ್ತ, ನಾನೂ ಅವರ ಜೊತೆ ತಲೆದೂಗಿದೆ.