ಕಾವೂರಿನ ಏರಿನಲ್ಲಿ ನಿಲ್ಲದ ಇಂಜಿನ್

ಇವರು ಸ್ಟಾಪ್ ಗುಬ್ಬಿಯನ್ನು ಪೂರ್ತಿ ಹೊರಗೆ ಎಳೆದರು. ಇಂಜಿನ್ ನಿಲ್ಲಲಿಲ್ಲ.

ಡೀಸೆಲ್ ಲಾರಿಯಲ್ಲಿ ಆ ಗುಬ್ಬಿ ಎಳೆದರೆ ಡೀಸೆಲ್ ಬಂದ್, ಇಂಜಿನ್ ಬಂದ್. ಆದರೆ ಅವತ್ತು ಅದರ ಸದ್ದು ಇನ್ನೂ ಜೋರಾಯಿತು.

ಅರವತ್ತರ ದಶಕದ ಮಾತು. ಕಾವೂರಿನ ಮಣ್ಣು ರಸ್ತೆಯ ಏರು. ಹಿಂದೆ ಲಾರಿ ತುಂಬ ಹೆಂಚು. ಕ್ಯಾಬಿನ್‌ನಲ್ಲಿ ನಾವು ಮೂವರೇ: ನನ್ನ ಗಂಡ ಲಾಜರ್, ನಾನು, ನನ್ನ ಮಡಿಲಲ್ಲಿ ಎರಡು ವರ್ಷದ ಮಗಳು ಲೀನಾ. ಹೆಂಚು ಇಳಿಸುವ ಜಾಗದ ಪಕ್ಕದಲ್ಲೇ ನನ್ನ ತಾಯಿಮನೆ. ಹಾಗಾಗಿ ಮಂಗಳೂರಿನ ಬಿಜೈಯಿಂದ ನಾವೂ ಹತ್ತಿ ಕೂತಿದ್ದೆವು.

ಇದಕ್ಕೆಲ್ಲ ಕಾರಣ ಒಂದು ಏರ್ ಫಿಲ್ಟರ್.

ಆಗಿನ ಫಿಲ್ಟರ್ ಕಾಗದದ್ದಲ್ಲ. ತಳದಲ್ಲಿ ಎಣ್ಣೆ ತುಂಬಿದ ಒಂದು ಡಬ್ಬ. ಗಾಳಿ ಆ ಎಣ್ಣೆಯ ಮೇಲೆ ಹಾದು, ದೂಳನ್ನು ಅಲ್ಲೇ ಬಿಟ್ಟು ಇಂಜಿನ್ನಿಗೆ ಹೋಗುತ್ತಿತ್ತು. ನಮ್ಮ ಲಾರಿಯ ಡಬ್ಬ ತುಕ್ಕು ಹಿಡಿದು ತೂತಾಗಿತ್ತು, ಕಂಪೆನಿಯದ್ದು ಎಲ್ಲೂ ಸಿಗುತ್ತಿರಲಿಲ್ಲ.

ಬಿಡಿಭಾಗ ಮಾರುವ ಮೂಸಬ್ಬ ಕಾಕನ ಅಂಗಡಿಗೆ ಇವರ ಜೊತೆ ನಾನೂ ಹೋಗಿದ್ದೆ. ಕಾಕ ಎರಡು ತೋರಿಸಿದರು. ಒಂದು ಗುಜರಿ ಲಾರಿಯಿಂದ ಬಿಚ್ಚಿದ್ದು, ಸಣ್ಣದು, ಮೈಯೆಲ್ಲ ಜಜ್ಜಿತ್ತು. ಇನ್ನೊಂದು ಹೊಸತು, ಯಾವುದೋ ಪಂಪ್ ಇಂಜಿನ್ನಿಗೆಂದು ಮಾಡಿದ್ದು, ಅದರ ಎರಡು ಪಾಲು ದೊಡ್ಡದು.

"ಹೆಂಚಿನ ಕಾರ್ಖಾನೆಯ ದೂಳಿಗೆ ದೊಡ್ಡದೇ ಒಳ್ಳೆಯದು ಪೊರ್ಬುಗಳೇ," ಎಂದರು ಕಾಕ. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ಅಲ್ಲಿ ಹಾಗೆಯೇ ಕರೆಯುವುದು. ಕಾಕನ ಮಾತಿನಲ್ಲಿ ಮೋಸವಿರಲಿಲ್ಲ, ಅವರಿಗೂ ಹಾಗೇ ಅನಿಸಿತ್ತು.

ಇವರು ದೊಡ್ಡದನ್ನೇ ಆರಿಸಿದರು. ಬಾನೆಟ್ ಒಳಗೆ ಹಿಡಿಯಲಿಲ್ಲ. ಹೊರಗೆ ಮಡ್‌ಗಾರ್ಡಿನ ಮೇಲೆ ಪಟ್ಟಿ ಹಾಕಿ ಕೂರಿಸಿ, ರಬ್ಬರ್ ಪೈಪಿನಿಂದ ಇಂಜಿನ್ನಿಗೆ ಜೋಡಿಸಿದರು. ಸಪಾಟು ರಸ್ತೆಯಲ್ಲಿ ಏನೂ ತೊಂದರೆಯಾಗಲಿಲ್ಲ...

ಏರಿನಲ್ಲಿ ಲಾರಿ ಮೂತಿ ಎತ್ತಿತು. ಡಬ್ಬದೊಳಗಿನ ಎಣ್ಣೆ ಒಂದು ಕಡೆಗೆ ಸರಿದು ಪೈಪಿಗೆ ಹೋಯಿತು. ಇಂಜಿನ್ ಡೀಸೆಲ್ ಬದಲು ಆ ಎಣ್ಣೆಯನ್ನೇ ಕುಡಿದು ಓಡತೊಡಗಿತು.

ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ಆ ಕಿರುಚಾಟ ಮಾತ್ರ. ಲಾರಿಯ ಸದ್ದು ಹಾಗಿರುವುದಿಲ್ಲ. ಪ್ರಾಣಿಯೊಂದನ್ನು ಹಿಡಿದು ಕೊಯ್ಯುವ ಹಾಗಿತ್ತು. ರಸ್ತೆಯೇ ಕಾಣದಷ್ಟು ಹೊಗೆ.

ಭಾರಕ್ಕೆ ಇಂಜಿನ್ ನಿಂತೀತು ಎಂದು ಇವರು ಟಾಪ್ ಗೇರಿಗೆ ಹಾಕಿ ಒಮ್ಮೆ ಕ್ಲಚ್ ಬಿಟ್ಟು ನೋಡಿದರು. ಲಾರಿ ಮುಂದಕ್ಕೆ ಹಾರಿತು, ಕ್ಲಚ್ ಸುಟ್ಟ ವಾಸನೆ ಬಂತು. ಇಂಜಿನ್ ಮಾತ್ರ ನಿಲ್ಲಲಿಲ್ಲ. ಲೀನಾ ಅಳುತ್ತಿದ್ದಾಳೆ ಎಂದು ಅವಳ ಬಾಯಿ ನೋಡಿ ತಿಳಿಯಿತು, ದನಿ ಕೇಳಿಸಲಿಲ್ಲ.

ಗೇರ್ ನ್ಯೂಟ್ರಲ್ಲಿಗೆ ತಂದು ಇವರು ಬ್ರೇಕ್ ಮೇಲೆ ನಿಂತೇಬಿಟ್ಟರು. ಅಷ್ಟು ಭಾರಕ್ಕೆ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿರಲಿಲ್ಲ. ಕಾಲು ತೆಗೆದರೆ ಲಾರಿ ಹಿಂದಕ್ಕೆ. ಹಿಂದೆ ತಿರುವು, ತಿರುವಿನ ಕೆಳಗೆ ಮನೆಗಳು.

"ಇಳಿ ಸೆಲಿನ್! ಮಗುವನ್ನು ತಕ್ಕೊಂಡು ಓಡು! ಇಂಜಿನ್ ಒಡೀತದೆ!"

"ನೀವು?"

"ನನಗೆ ಕಾಲು ತೆಗೀಲಿಕ್ಕೆ ಆಗುದಿಲ್ಲ ಮಾರಾಯ್ತಿ... ನೀನು ಇಳಿ!"

ಇಳಿದೆ. ಇಳಿದು ಓಡಿದೆ ಕೂಡ. ಕೆರೆಯಲ್ಲಿ ಬಟ್ಟೆ ಒಗೆದು, ತಲೆಯ ಮೇಲೆ ಗಂಟು ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ರಸ್ತೆಯ ಬದಿಯಲ್ಲಿ ಬೆಚ್ಚಿ ನಿಂತಿದ್ದಳು. ಗಂಟನ್ನು ಕೆಳಗೆ ಹಾಕಿ ಎರಡೂ ಕೈ ಚಾಚಿದಳು.

"ಬಾಲೆನ್ ಕೊರ್ಲೆ ಅಕ್ಕ!"

ಮಗುವನ್ನು ಅವಳ ಕೈಗೆ ಕೊಟ್ಟೆ. ತಿರುಗಿ ನೋಡಿದರೆ ಹೊಗೆಯ ಒಳಗೆ ಇವರ ತಲೆ ಮಾತ್ರ ಕಾಣುತ್ತಿದೆ.

ರಸ್ತೆಯ ಬದಿಯಲ್ಲಿ ಕಟ್ಟಡಕ್ಕೆಂದು ಕೆಂಪು ಕಲ್ಲು ರಾಶಿ ಹಾಕಿದ್ದಾರೆ. ಒಂದನ್ನು ಉರುಳಿಸಿಕೊಂಡು ಹೋಗಿ ಹಿಂದಿನ ಚಕ್ರಕ್ಕೆ ಒತ್ತುತ್ತೇನೆ. ಇನ್ನೊಂದನ್ನು ಆಚೆಯ ಚಕ್ರಕ್ಕೆ. ಉಗುರು ಕಿತ್ತು ಬಂದದ್ದು ಗೊತ್ತಾಗುವುದಿಲ್ಲ.

ಇವರು ಕಿಟಕಿಯಿಂದ ಕೂಗುತ್ತಿದ್ದಾರೆ. ನನಗೆ ಒಂದೇ ಶಬ್ದ ಕೇಳುತ್ತದೆ... "ಗಾಳಿ! ಗಾಳಿ ಮುಚ್ಚು!"

ಆ ಹೆಂಗಸಿನ ಗಂಟಿನಿಂದ ಒದ್ದೆ ಕಂಬಳಿಯನ್ನು ಎಳೆದುಕೊಂಡು ಮಡ್‌ಗಾರ್ಡಿನ ಹತ್ತಿರ ಹೋಗುತ್ತೇನೆ. ಇಂಜಿನ್ ನಡುಗುವುದು ನನ್ನ ಹಲ್ಲಿಗೆ ತಾಗುತ್ತಿದೆ. ಒಡೆದರೆ ಮೊದಲ ತುಂಡು ನನ್ನ ಮುಖಕ್ಕೇ. ಕಣ್ಣು ಮುಚ್ಚಿ, ಕಂಬಳಿಯನ್ನು ಗಾಳಿ ಎಳೆಯುವ ಆ ಡಬ್ಬದ ಸುತ್ತ ಸುತ್ತಿ, ಎದೆಯಿಂದ ಒತ್ತಿ ಹಿಡಿಯುತ್ತೇನೆ.

ಅದು ಕಂಬಳಿಯನ್ನು ಒಳಕ್ಕೆ ಎಳೆಯಿತು. ಕೈಯನ್ನೂ ಎಳೆಯುತ್ತದೆ ಅನಿಸಿತು. ಬಿಡಲಿಲ್ಲ.

ಕಿರುಚಾಟ ಕೆಮ್ಮಾಯಿತು. ಲಾರಿ ಎರಡು ಸಲ ಮೈ ಕೊಡವಿ ಸತ್ತ ಹಾಗೆ ನಿಂತಿತು.

ಆಗ ಕೇಳಿಸಿತು, ಲೀನಾಳ ಅಳು.

ಬಾಗಿಲು ತೆಗೆದು, "ಕಲ್ಲು ಕೊಟ್ಟಿದ್ದೇನೆ, ಇಳೀರಿ" ಎಂದೆ. ಇವರು ತಲೆಯಾಡಿಸಿದರು, ಇಳಿಯಲಿಲ್ಲ. ಬ್ರೇಕ್ ಮೇಲಿನ ಕಾಲು ಬಿಗಿದುಹೋಗಿತ್ತು. ಕೊನೆಗೆ ನಾನೇ ಎರಡೂ ಕೈಯಿಂದ ಆ ಕಾಲನ್ನು ಹಿಡಿದು, ಮಗುವನ್ನು ಎತ್ತುವ ಹಾಗೆ ಎತ್ತಿ ಕೆಳಗಿಟ್ಟೆ. ಅಷ್ಟು ಗಟ್ಟಿ ಮನುಷ್ಯ, ನನ್ನ ಹೆಗಲಿಗೆ ಮುಖ ಒತ್ತಿಬಿಟ್ಟರು.

ಆ ಹೆಂಗಸು ಮಗುವನ್ನು ಕೊಟ್ಟು, ಎಣ್ಣೆಯಾದ ಕಂಬಳಿಯನ್ನು ನೋಡಿ, "ಹೋಗಲಿ ಅಕ್ಕ, ಜೀವ ಉಂಟಲ್ಲ" ಎಂದಳು.

ಇವರು ಆ ಡಬ್ಬವನ್ನು ಮೂಸಬ್ಬ ಕಾಕನ ಅಂಗಡಿಗೆ ವಾಪಸ್ ಕೊಂಡುಹೋದಾಗ ಕಾಕ ಪೂರ್ತಿ ಕೇಳಿ, ಅಂಗಡಿಯ ಹಿಂದೆ ಹೋಗಿ ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದರಂತೆ, ಇನ್ಯಾರೂ ಕೊಳ್ಳದ ಹಾಗೆ. ನಮ್ಮ ಲಾರಿಗೆ ಜಜ್ಜಿದ ಸಣ್ಣದೇ ಬಂತು.

ಮೊನ್ನೆ ನನ್ನ ಮೊಮ್ಮಗ ಫೋನಿನಲ್ಲಿ ತನ್ನ ಟರ್ಬೊ ಡೀಸೆಲ್ ಪಿಕಪ್‌ಗೆ ಹೊರಗಿನ ಕಂಪೆನಿಯ ಏರ್ ಫಿಲ್ಟರ್ ಹುಡುಕುತ್ತಿದ್ದ. "ಅದರಲ್ಲಿ ಎಣ್ಣೆ ಉಂಟಾ?" ಎಂದು ಕೇಳಿದೆ.

"ಸ್ವಲ್ಪ ಉಂಟು ಶಾಮಾಯ್, ಬಟ್ಟೆಗೆ ಹಚ್ಚುದು. ಎಂತ, ಯಾಕೆ?"

ಅವನ ಕೈಯಿಂದ ಫೋನ್ ಕಿತ್ತುಕೊಂಡು ಮೇಜಿನ ಮೇಲೆ ಮಗುಚಿಟ್ಟೆ.

ಅರವತ್ತು ವರ್ಷ ಕಳೆದರೂ ಮೈಬಿಟ್ಟು ಹೋಗದ ಇಂಥ ಹೆದರಿಕೆ ನಿಮ್ಮಲ್ಲೂ ಯಾರಿಗಾದರೂ ಉಂಟಾ?